ಕೆಳಗಿನ ಮನೆಗೆ ಕೇಳಿಸದ ಗಿಟಾರು

ಗಣೇಶನ ಹಬ್ಬದ ಪ್ರೋಗ್ರಾಮುಗಳೆಲ್ಲ ಮುಗಿದ ಮೇಲೆ ಅಮರೇಶ ಗಿಟಾರು ಬೇಕೆಂದು ಕೇಳಿಕೊಂಡು ಮನೆಗೆ ಬಂದ. ಅವನು ನನ್ನ ಗಂಡನ ಚಿಕ್ಕಪ್ಪನ ಮಗ. ಇಬ್ಬರೂ ಒಂದೇ ಆರ್ಕೆಸ್ಟ್ರಾದಲ್ಲಿದ್ದರು. ಅವನದು ರಿದಂ ಪ್ಯಾಡು, ಇವರದು ಎಲೆಕ್ಟ್ರಿಕ್ ಗಿಟಾರು. ಇವರು ತೀರಿಕೊಂಡು ಆಗ ಆರು ತಿಂಗಳು.

"ಹೊಸ ಹುಡುಗ ಒಬ್ಬ ಸಿಕ್ಕವ್ನೆ ಅತ್ತಿಗೆ. ಕೈ ಚೆನ್ನಾಗದೆ. ಗಿಟಾರೇ ಸರಿಯಿಲ್ಲ. ಕುತ್ತಿಗೆ ಬಗ್ಗೋಗದೆ. ಮೇಲಿನ ಸ್ವರ ಹಿಡುದ್ರೆ ಬೆಕ್ಕಿನ ಬಾಲ ತುಳುದಂಗಾಯ್ತದೆ. ರಾಜ್ಯೋತ್ಸವದ ಪ್ರೋಗ್ರಾಂ ಸಾಲಾಗಿ ಬಂದವೆ. ಅಣ್ಣಂದು ಸುಮ್ನೆ ಮೂಲೇಲಿ ನಿಂತದಲ್ಲ ಅಂತ..."

"ನಿಂತದೆ ಕಣಪ್ಪ," ಅಂದರು ನನ್ನ ಅತ್ತೆ ಮಹದೇವಮ್ಮ. "ಬೆಳಗೆದ್ರೆ ಅದರ ಮಕವೇ ನೋಡ್ಬೇಕು. ನುಡ್ಸೋರಿಲ್ದಿದ್ಮೇಲೆ ಯಾಕೆ ಮಡಿಕ್ಕೋಬೇಕು? ತಕ್ಕೊಂಡೋಗು."

"ನಾನು ನುಡಿಸ್ತೀನಿ," ಅಂದೆ.

ಇಬ್ಬರೂ ನನ್ನನ್ನು ನೋಡಿದರು. ಆ ಆರು ತಿಂಗಳಲ್ಲಿ ನಾನು ಆಡಿದ ಮಾತುಗಳೆಲ್ಲ ಹಾಲು, ಗ್ಯಾಸು, ಬಾಡಿಗೆಗೆ ಸಂಬಂಧಪಟ್ಟವು. ಇದು ಯಾವುದಕ್ಕೂ ಸಂಬಂಧಪಟ್ಟಿರಲಿಲ್ಲ.

"ನಿಮಗೆ ಬತ್ತದಾ?"

"ಸ್ವಲ್ಪ."

"ಎಲ್ಲಿ, ನುಡ್ಸಿ."

ಮೂಲೆಯಿಂದ ಎತ್ತಿಕೊಂಡು ಇವರು ಹೇಳಿಕೊಟ್ಟಿದ್ದ ಒಂದು ಪುಟ್ಟ ಬಿಟ್ ನುಡಿಸಿದೆ. ಹಾಡಿನ ಎರಡು ಚರಣಗಳ ನಡುವೆ ಬರುವ ತುಣುಕಿಗೆ ಆರ್ಕೆಸ್ಟ್ರಾದವರು ಬಿಟ್ ಅನ್ನುತ್ತಾರೆ. ತಂತಿಗಳು ಟಿಕ್ ಟಿಕ್ ಅಂದವು.

"ಇದೇನು, ಸೊಳ್ಳೆಪರದೆ ದಾರ ಎಳ್ದಂಗದೆ," ಅಂದರು ಅತ್ತೆ.

"ಆಂಪ್ಲಿಫೈಯರ್ ಇಲ್ದೆ ಅದು ಅಷ್ಟೇಯ ದೊಡ್ಡವ್ವ. ಹಲ್ಲಿಲ್ದೋರು ಚಕ್ಕುಲಿ ತಿಂದಂಗೆ."

"ಆಂಪ್ಲಿಫೈಯರ್ ತರ್ತೀನಿ," ಅಂದೆ. "ಚಿಕ್ಕದು. ಮನೆಗೆ ಆಗುವಂಥದ್ದು."

ಅತ್ತೆ ಯೋಚಿಸಿದರು. "ನುಡ್ಸೋದಾದ್ರೆ ಇರ್ಲಿ. ಸುಮ್ನೆ ನಿಲ್ಸೋದಾದ್ರೆ ಬ್ಯಾಡ. ಆದ್ರೆ ಒಂದು ಮಾತು. ಕೆಳಗಡೆಯೋರು ಮೆಟ್ಲು ಹತ್ಕೊಂಡು ಬಂದು ದೂರು ಹೇಳುದ್ರು ಅಂದ್ರೆ ಅವತ್ತೇ ಇದು ಅಮರೇಶನ ಮನೆಗೆ."

"ಸರಿ ಬುಡಿ. ವಿಜಯದಶಮಿ ದಿನ ಬತ್ತೀನಿ," ಅಂದ ಅಮರೇಶ. ಗಿಟಾರು ಈಗಾಗಲೇ ತನ್ನದಾದಂತೆ ಅದರ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿಟ್ಟು ಹೋದ.

ಕೆಳಗಿನ ಮನೆಯವರೆಂದರೆ ನಮ್ಮ ಮಾಲೀಕರು, ವೃಷಭೇಂದ್ರಪ್ಪನವರು. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಇಡೀ ಸರ್ವಿಸು ಕಬ್ಬಿಣ ಬಡಿಯುವ ಸದ್ದು ಕೇಳಿ, ತಮ್ಮ ಪಾಲಿನ ಸದ್ದು ಮುಗಿದಿದೆ, ಇನ್ನು ಉಳಿದ ಆಯುಷ್ಯದಲ್ಲಿ ಹೊಸದಾಗಿ ಏನನ್ನೂ ಕೇಳಬೇಕಾಗಿಲ್ಲ ಎಂದು ನಂಬಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಲಿಂಗಪೂಜೆಗೆ ಕೂತರೆ ವಿದ್ಯಾರಣ್ಯಪುರಂನ ಆ ಬೀದಿಯಲ್ಲಿ ಸೊಪ್ಪಿನವನೂ ದನಿ ತಗ್ಗಿಸುತ್ತಿದ್ದ. ಮೇಲೆ ನಾವು ಲೋಟ ಬೀಳಿಸಿದರೆ ಜೇಡರಬಲೆ ತೆಗೆಯುವ ಉದ್ದನೆಯ ಕೋಲಿನಿಂದ ತಮ್ಮ ತಾರಸಿಗೆ ಕೆಳಗಿನಿಂದ ಬಡಿಯುತ್ತಿದ್ದರು. ಕೋಲು ಎಚ್ಚರಿಕೆ. ಮೆಟ್ಟಿಲು ಹತ್ತಿ ಬಂದರೆ ದೂರು. ನಮಗಿಂತ ಮೊದಲಿದ್ದ ಬಾಡಿಗೆದಾರರ ಕಾಲದಲ್ಲಿ ಮೆಟ್ಟಿಲು ಎರಡು ಸಲ ಹತ್ತಿದ್ದರಂತೆ. ಅವರು ಈಗ ಬೋಗಾದಿಯಲ್ಲಿದ್ದಾರೆ.

ಇದೇ ಕಾರಣಕ್ಕೆ ಇವರು ಮನೆಯಲ್ಲಿ ಯಾವತ್ತೂ ಟಿಕ್ ಟಿಕ್ ಎಂದೇ ಅಭ್ಯಾಸ ಮಾಡುತ್ತಿದ್ದರು. ದೊಡ್ಡ ಆಂಪ್ಲಿಫೈಯರ್ ಆರ್ಕೆಸ್ಟ್ರಾದ ಗೋಡೌನಿನಲ್ಲಿರುತ್ತಿತ್ತು. ಆ ಗಿಟಾರಿನ ನಿಜವಾದ ದನಿಯನ್ನು ನಾನು ಕೇಳಿದ್ದು ಪೆಂಡಾಲುಗಳಲ್ಲಿ, ಹೆಂಗಸರ ಕುರ್ಚಿಗಳ ಸಾಲಿನ ಹಿಂದೆ ನಿಂತು. ಶುರುವಿನಲ್ಲಿ ದುಂಡಗಿದ್ದು, ಆರುವಾಗ ತುದಿಯಲ್ಲಿ ಸ್ವಲ್ಪ ಗರಗರ ಅನ್ನುತ್ತಿತ್ತು. ನನಗೆ ಬೇಕಾಗಿದ್ದದ್ದು ಅದು. ಪೆಂಡಾಲು ಬೇಡ, ಅದಷ್ಟೇ ಸಾಕು.

ಅಶೋಕ ರಸ್ತೆಯ ನಂಜುಂಡಯ್ಯನವರ ಅಂಗಡಿಗೆ ಗಿಟಾರು ಹೊರಿಸಿ ಅಮರೇಶನನ್ನೇ ಕರೆದುಕೊಂಡು ಹೋದೆ. ಅವನಿಗೆ ಸಂಕೋಚವಿರಲಿಲ್ಲ. ನಾನು ಎಂಥದ್ದು ತಂದರೂ ಕೆಳಗಿನವರು ಮೆಟ್ಟಿಲು ಹತ್ತುತ್ತಾರೆಂದು ಅವನಿಗೆ ಖಾತ್ರಿಯಿತ್ತು. ಅಂಗಡಿಯ ತುಂಬ ಹಾರ್ಮೋನಿಯಂ, ತಬಲಾ, ಡೋಲಕ್ಕು. ಆಂಪ್ಲಿಫೈಯರುಗಳು ಅಟ್ಟದ ಮೇಲೆ.

"ಎಷ್ಟು ಜನ ಸೇರ್ತಾರಮ್ಮ?" ಅಂದರು ನಂಜುಂಡಯ್ಯ.

"ಯಾರೂ ಸೇರಲ್ಲ. ನಾನೊಬ್ಬಳೇ."

"ಛತ್ರದ ಒಳಗೋ, ಬಯಲೋ?"

"ಮನೆಯ ನಡುಕೋಣೆ. ಪಕ್ಕದಲ್ಲಿ ಅಡುಗೆಮನೆ."

ಅವರು ಅಮರೇಶನ ಕಡೆ ತಿರುಗಿದರು. "ಏನಪ್ಪಾ ಇದು?"

"ಅತ್ತಿಗೆಗೆ ಮೆತ್ತಗೆ ಬೇಕಂತೆ ಸಾರ್."

"ಮೆತ್ತಗೆ ಬೇಕಾದ್ರೆ ಆಂಪ್ಲಿಫೈಯರ್ ಯಾಕೆ? ಅಂಗಡಿ ಇಟ್ಟಾಗಿನಿಂದ ಸೌಂಡು ಸಾಲ್ದು ಅಂತ ವಾಪಸ್ ತಂದೋರನ್ನ ನೋಡಿದೀನಿ. ಸೌಂಡು ಕಡಿಮೆ ಬೇಕು ಅನ್ನೋ ಗಿರಾಕಿ ನೀವೇ ಮೊದಲು ಕಣಮ್ಮ. ಮೊದಲು ಇದನ್ನ ಕೇಳಿ, ಆಮೇಲೆ ಮನಸ್ಸು ಬದಲಾಯ್ತದೆ."

ಐವತ್ತು ವ್ಯಾಟಿನ ಒಂದು ಪೆಟ್ಟಿಗೆ ಇಳಿಸಿದರು. ಅಮರೇಶ ಗಿಟಾರಿನ ವೈರು ಸಿಕ್ಕಿಸಿ ವಾಲ್ಯೂಮಿನ ಗುಂಡಿ ಪೂರ್ತಿ ತಿರುವಿದ. ರಿದಂ ಪ್ಯಾಡಿನವನಾದರೂ ಇವರ ಜೊತೆ ಕೂತು ಕೂತು ಗಿಟಾರು ತಕ್ಕಮಟ್ಟಿಗೆ ಕಲಿತಿದ್ದ. ಅವನು ಒಂದು ಸಲ ಮೀಟಿದ್ದಕ್ಕೆ ಗೋಡೆಯ ಮೇಲಿದ್ದ ತಂಬೂರಿಗಳೆಲ್ಲ ತಾವಾಗಿ ಮಿಡಿದವು. ರಸ್ತೆಯಲ್ಲಿ ನಿಂತಿದ್ದ ಟಾಂಗಾದ ಕುದುರೆ ಹಿಂದಕ್ಕೆ ಸರಿಯಿತು. ಟಾಂಗಾದವನು ಒಳಗೆ ಇಣುಕಿ ನಂಜುಂಡಯ್ಯನವರ ವಂಶದ ಬಗ್ಗೆ ಏನೋ ಅಂದ. ಅದು ಯಾರಿಗೂ ಪೂರ್ತಿ ಕೇಳಿಸಲಿಲ್ಲ.

"ಹೆಂಗೆ?" ಅಂದರು ನಂಜುಂಡಯ್ಯ, ಬೆವರು ಒರೆಸಿಕೊಳ್ಳುತ್ತ, ಹೆಮ್ಮೆಯಿಂದ.

ನಾನು ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಒಂದಕ್ಕೊಂದು ಹೋಲಿಸಬೇಕಾದರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. ಬಾಗಿಲು ಅರ್ಧ ಎಳೆಯಿರಿ, ಫ್ಯಾನು ನಿಲ್ಲಿಸಿ, ನಾವು ಮಾತಾಡುತ್ತಿದ್ದರೆ ನಮ್ಮ ಮಾತು ಸಲೀಸಾಗಿ ಕೇಳಿಸಬೇಕು, ಅಷ್ಟೇ ಸದ್ದಿನಲ್ಲಿ ಒಂದೊಂದನ್ನೂ ಕೇಳಿಸಿ ಅಂದೆ.

"ಏನು ಮಾತಾಡೋದು?"

"ಏನಾದ್ರೂ."

ನಂಜುಂಡಯ್ಯ ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ಪ್ರದೇಶ ಸಮಾಚಾರ ಓದುವವರಂತೆ, "ತೊಗರಿಬೇಳೆ ಬಹಳ ತುಟ್ಟಿಯಾಗಿದೆಯಮ್ಮ," ಅಂದರು. "ಹೌದು, ಆಗಿದೆ," ಅಂದೆ. "ಹುಣಸೆಹಣ್ಣೂ ಆಗಿದೆ." "ಅದೂ ಆಗಿದೆ." ಅಮರೇಶ ನುಡಿಸುತ್ತಲೇ ಇದ್ದ. ಅವನ ಕೈ ಗುಂಡಿಯ ಕಡೆ ಕಳ್ಳತನದಿಂದ ಹೋಗುತ್ತಿತ್ತು. ನಂಜುಂಡಯ್ಯನವರ ಮಾತು ಮುಳುಗಿದ ಕೂಡಲೇ ನಾನು ಕೈ ಎತ್ತುತ್ತಿದ್ದೆ. ಹೀಗೆ ದಿನಸಿ ಪೂರ್ತಿ ಮುಗಿಯಿತು.

ಐವತ್ತು ವ್ಯಾಟಿನದು ಮೆತ್ತಗಾದಾಗ ಹಳೆಯ ಫ್ರಿಜ್ಜಿನಂತೆ ಗುಂಯ್‌ಗುಡುತ್ತಿತ್ತು, ಗಿಟಾರು ಅದರ ಹಿಂದೆಲ್ಲೋ ಇತ್ತು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬ್ಯಾಟರಿಯ ಪುಟಾಣಿ ಒಂದಿತ್ತು. ಅದು ಬೆಂಕಿಪೊಟ್ಟಣದೊಳಗಿನ ಜೀರುಂಡೆ. ಮೂರನೆಯದು ಹತ್ತು ವ್ಯಾಟಿನ ಮರದ ಪೆಟ್ಟಿಗೆ, ಊಟದ ತಟ್ಟೆಯಷ್ಟಗಲದ ಸ್ಪೀಕರು. ಅದರಲ್ಲಿ ಸದ್ದು ಕಡಿಮೆಯಾದರೂ ಸ್ವರಕ್ಕೆ ಮೈ ಇತ್ತು. ಚಿಕ್ಕ ಮನೆಗೆ ವ್ಯಾಟು ನೋಡಬಾರದು, ಸ್ಪೀಕರಿನ ಅಗಲ ಮತ್ತು ಪೆಟ್ಟಿಗೆಯ ಮರ ನೋಡಬೇಕು ಅಂದುಕೊಂಡೆ. ಸ್ವಲ್ಪ ಚೀರುತ್ತಿತ್ತು. ಮನೆಗೆ ಹೋದರೆ ಸರಿಹೋಗಬಹುದು ಅನ್ನಿಸಿತು. ಬಟ್ಟೆ ಕೊಳ್ಳುವಾಗಲೂ ನನಗೆ ಹೀಗೇ ಅನ್ನಿಸುತ್ತದೆ.

"ದಸರಾ ಕಳೆಯೋ ತನಕ ಇಟ್ಕೊಂಡು ನೋಡಿ," ಅಂದರು ನಂಜುಂಡಯ್ಯ. "ಬೇಡ ಅಂದ್ರೆ ವಾಪಸ್ ತನ್ನಿ. ಆದ್ರೆ ಕೊಟ್ಟ ಹಂಗೇ ಇರ್ಬೇಕು."

ಮನೆಗೆ ಬಂದ ಮೇಲೆ ಗೊತ್ತಾಯಿತು. ವಾಲ್ಯೂಮಿನ ಗುಂಡಿಯ ಸುತ್ತ ಸೊನ್ನೆಯಿಂದ ಹತ್ತರವರೆಗೆ ಅಂಕೆಗಳಿದ್ದವು. ಒಂದರ ತನಕ ಏನೂ ಇಲ್ಲ. ಒಂದನ್ನು ಕೂದಲೆಳೆಯಷ್ಟು ದಾಟಿದರೆ ಪೂರ್ತಿ ಬೀದಿಗೆ ಆಗುವಷ್ಟು. ನನ್ನ ಮನೆಗೆ ಬೇಕಾದ ಸದ್ದು ಆ ಕೂದಲೆಳೆಯೊಳಗೆ ಎಲ್ಲೋ ಇತ್ತು. ಅಂಗಡಿಯಲ್ಲಿ ಗುಂಡಿ ಅಮರೇಶನ ಕೈಯಲ್ಲಿದ್ದದ್ದರಿಂದ ನನಗೆ ತಿಳಿದಿರಲಿಲ್ಲ. ಉಸಿರು ಬಿಗಿಹಿಡಿದು ತಿರುವಿದೆ. ಚೀರಿತು. ಕೆಳಗಿನಿಂದ ಕೋಲು ಬಡಿಯಿತು.

ಮುಂದಿನ ದಿನಗಳಲ್ಲಿ ನಾನೂ ಅತ್ತೆಯೂ ಅದರ ಬಾಯಿ ಮುಚ್ಚಿಸುವ ಪ್ರಯತ್ನದಲ್ಲಿದ್ದೆವು. ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆವು. ಗೋಡೆಯೇ ಸದ್ದನ್ನು ಕೆಳಕ್ಕೆ ಇಳಿಸಿತು. ದಿಂಬು ಒರಗಿಸಿದೆವು. ಬೀರುವಿನೊಳಗೆ ರೇಷ್ಮೆ ಸೀರೆಗಳ ನಡುವೆ ಇಟ್ಟು ಬಾಗಿಲು ಹಾಕಿದೆವು. ದುಪ್ಪಟಿ ಹೊದಿಸಿದಾಗ ಕೋಲು ಬಡಿಯಲಿಲ್ಲ, ನಿಜ. ಆದರೆ ಗಿಟಾರಿಗೆ ನೆಗಡಿಯಾಗಿತ್ತು.

"ಇದೇ ಬೇಕಿತ್ತೇನವ್ವ ನಿಂಗೆ?" ಅಂದರು ಅತ್ತೆ.

"ಇದಲ್ಲ ಅತ್ತೆ."

"ಎಂಗಿರ್ಬೇಕು ಹೇಳು. ತಿಳೀದೆ ಎಷ್ಟು ಅಂತ ಹೊದಿಸ್ಲಿ?"

ದುಪ್ಪಟಿ ಮಡಿಸಿಟ್ಟೆ.

ವೃಷಭೇಂದ್ರಪ್ಪನವರು ನಲ್ಲಿಯ ಹತ್ತಿರ ಸಿಕ್ಕಾಗ, "ಮೇಲೆ ಮಿಕ್ಸಿ ರಿಪೇರಿ ನಡೀತಾ ಇದೆಯೇನಮ್ಮ?" ಎಂದು ಕೇಳಿದರು.

"ಗಿಟಾರು ಸಾರ್."

"ಓಹೋ. ಯಾವಾಗ ಮುಗಿಯುತ್ತೆ ರಿಪೇರಿ?"

"ಹಬ್ಬದೊಳಗೆ."

"ಹಬ್ಬ ಆದ್ಮೇಲೂ ನಡೆದ್ರೆ ನಾನೇ ಮೇಲೆ ಬಂದು ಸ್ವಲ್ಪ ನೋಡ್ತೀನಿ," ಅಂದರು, ಬಹಳ ಮರ್ಯಾದೆಯಿಂದ.

ಆಂಪ್ಲಿಫೈಯರ್ ವಾಪಸ್ ಕೊಡುವುದು, ಗಿಟಾರನ್ನು ಅಮರೇಶನಿಗೆ ಕೊಡುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಅಂಥ ತೀರ್ಮಾನಗಳು ಆ ದಿನಗಳಲ್ಲಿ ನನಗೆ ಕಷ್ಟವಾಗುತ್ತಿರಲಿಲ್ಲ. ಆದರೂ ಆ ರಾತ್ರಿ ಗಿಟಾರಿನ ಮೇಲೆ ಟವೆಲು ಹೊದಿಸಿ ಮಲಗಿದೆ.

ಆಯುಧಪೂಜೆಯ ಬೆಳಿಗ್ಗೆ ಕಾಲೇಜಿಗೆ ಹೋಗಬೇಕಾಯಿತು. ನನ್ನಂಥ ಅರೆಕಾಲಿಕ ಉಪನ್ಯಾಸಕರೂ ಪೂಜೆಗೆ ಬರಲೇಬೇಕೆಂದು ಪ್ರಾಂಶುಪಾಲರ ಅಪ್ಪಣೆಯಿತ್ತು. ಕಂಪ್ಯೂಟರ್ ಲ್ಯಾಬಿನಲ್ಲಿ ಮಾನಿಟರುಗಳ ಹಣೆಗೆಲ್ಲ ಕುಂಕುಮ ಇಟ್ಟರು. ನಮ್ಮ ಮನೆಯಲ್ಲಿ ಆ ವರ್ಷ ಹಬ್ಬ ಇರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಮಾಡುವುದಿಲ್ಲ. ಹೊಲಿಗೆ ಯಂತ್ರಕ್ಕೆ, ಈಳಿಗೆಮಣೆಗೆ, ಇವರ ಸ್ಕೂಟರಿಗೆ ಯಾವುದಕ್ಕೂ ಒಂದು ಹೂವೂ ಇಟ್ಟಿರಲಿಲ್ಲ.

ಮನೆಗೆ ಬಂದು ನೋಡಿದರೆ ಆಂಪ್ಲಿಫೈಯರಿಗೆ ಚೆಂಡುಹೂವಿನ ಹಾರ. ಮುಂದಿನ ಬಟ್ಟೆಯ ಚೌಕಟ್ಟು ಕಿತ್ತಿದೆ. ಒಳಗಿನ ಕಪ್ಪು ದುಂಡು ಸ್ಪೀಕರಿನ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ. ನಡುವಿನ ಉಬ್ಬಿಗೆ ಕುಂಕುಮ. ವಿಭೂತಿಗಟ್ಟಿಯನ್ನು ನೀರಲ್ಲಿ ತೇಯ್ದು ದಪ್ಪಗೆ ಬಳಿದಿದ್ದರು. ಆಗಲೇ ಒಣಗಿ ಗಟ್ಟಿಯಾಗಿತ್ತು.

"ಅತ್ತೆ, ಏನಿದು?"

"ಆಯುಧಪೂಜೆ."

"ನಮಗೆ ಹಬ್ಬ ಇಲ್ವಲ್ಲ!"

"ನಮಗಿಲ್ಲ. ಅದು ಅಂಗಡಿಯೋರ್ದಲ್ವೇನವ್ವ? ವರ್ಷ ಆಗ್ಬೇಕಾಗಿರೋದು ನಮಗೆ, ಅದಕ್ಕೇನು? ಬೇರೆಯೋರ ಮನೆ ಸಾಮಾನು, ನಮ್ಮನೇಲಿ ಇದ್ದಿದ್ದಕ್ಕೆ ಅದಕ್ಕೂ ಹಬ್ಬ ತಪ್ಪೋಗ್ಬೇಕಾ? ನಾಳೆ ಅಂಗಡಿಯೋರು ಏನಂದುಕೊತ್ತಾರೆ?"

ನಿಜ, ಪಕ್ಕದಲ್ಲೇ ಇದ್ದ ಗಿಟಾರಿಗೆ ಏನೂ ಇಟ್ಟಿರಲಿಲ್ಲ. ಗಿಟಾರು ನಮ್ಮದು.

"ಚೌಕಟ್ಟು ಯಾಕೆ ಕಿತ್ರಿ?"

"ಒಗೆಯೋಕೆ. ಎಷ್ಟು ಕೊಳೆಯಿತ್ತು ಅಂತೀಯ. ಆಮೇಲೆ ಒಳಗೆ ನೋಡ್ತೀನಿ, ಲಿಂಗದಂಗೇ ದುಂಡುಗದೆ, ಕರ್ರುಗದೆ. ಬರೀ ಬುಡೋಕೆ ಮನಸಾಗ್ಲಿಲ್ಲ."

ಒಗೆದ ಬಟ್ಟೆ ಹಿತ್ತಿಲ ಹಗ್ಗದ ಮೇಲೆ ಒಣಗುತ್ತಿತ್ತು. ಅಂಗೈಯಗಲ ಕುಗ್ಗಿತ್ತು.

ಬೀದಿಯ ಕೊನೆಯ ಬೂತಿನಿಂದ ನಂಜುಂಡಯ್ಯನವರ ಮನೆಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಒರೆಸಿ ತಂದ್ಬುಡ್ಲಾ?" ಅಂದೆ.

"ಪೂಜೆಯಾದ ವಿಭೂತಿ ಒರೆಸಿದ್ರೆ ಪಾಪ ನಿಮಗೆ. ಒರೆಸಿದ್ದನ್ನ ನಾನು ಇನ್ನೊಬ್ಬರಿಗೆ ಮಾರಿದ್ರೆ ಪಾಪ ನನಗೆ. ಬೇಡ ಕಣಮ್ಮ. ಅದು ನಿಮ್ಮನೆ ಋಣ, ಇಟ್ಕೊಬುಡಿ. ದುಡ್ಡು ನಿಧಾನಕ್ಕೆ ಕೊಡಿ. ಮಾತಾಡ್ತಾ ಇದೆಯಾ ಅದು?"

ನೋಡಿರಲಿಲ್ಲ. ಬಂದು ಹಾರ ಸರಿಸಿ, ವೈರು ಸಿಕ್ಕಿಸಿ, ಗುಂಡಿಯನ್ನು ಕಣ್ಣುಮುಚ್ಚಿ ತಿರುವಿದೆ. ಒಂದು. ಏನೂ ಇಲ್ಲ. ಒಂದು ದಾಟಿತು. ಚೀರಲಿಲ್ಲ. ಸತ್ತಿದೆ ಅಂದುಕೊಂಡೆ. ಎರಡಕ್ಕೆ ತಂದು ಮೀಟಿದೆ.

ದುಂಡಗೆ ಬಂತು. ಬಂದು, ಕೋಣೆಯಲ್ಲಿ ಸ್ವಲ್ಪ ಹೊತ್ತು ಇದ್ದು, ಆರುವಾಗ ತುದಿಯಲ್ಲಿ ಗರಗರ ಅಂದಿತು. ಒಣಗಿದ ವಿಭೂತಿಯ ಭಾರಕ್ಕೆ ಸ್ಪೀಕರಿನ ಕಾಗದದ ಕುಣಿತ ನಿಧಾನವಾಗಿ, ಚೀರುವುದು ನಿಂತಿತ್ತು ಅಂತ ಕಾಣುತ್ತದೆ. ಆ ಗರಗರ ಕೂಡ ವಿಭೂತಿಯದೇ ಇರಬಹುದು. ಕೂದಲೆಳೆಯಷ್ಟಿದ್ದ ಜಾಗ ಈಗ ನಾಲ್ಕರ ತನಕ ಹರಡಿಕೊಂಡಿತ್ತು. ಇನ್ನೊಮ್ಮೆ ಮೀಟಿದೆ. ಅಡುಗೆಮನೆಯಲ್ಲಿ ಅತ್ತೆ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುಮಾಡಿದರು.

ವಿಜಯದಶಮಿಯ ಸಂಜೆ ಅಮರೇಶ ಜಂಬೂಸವಾರಿ ನೋಡಿಕೊಂಡು, ಗಿಟಾರಿಗೆಂದು ಹೊಸ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ನಾನು ಆಗಲೇ ನುಡಿಸುತ್ತಿದ್ದೆ. ಕೆಳಗೆ ಘಂಟೆ ಅಲ್ಲಾಡಿಸಿದ್ದು ಕೇಳಿಸಿತ್ತು. ವೃಷಭೇಂದ್ರಪ್ಪನವರು ಪೂಜೆಗೆ ಕೂತಾಗಿತ್ತು. ಬೇಕೆಂದೇ ಆ ಹೊತ್ತನ್ನು ಆರಿಸಿಕೊಂಡಿದ್ದೆ. ಕೋಲು ಬಡಿಯುತ್ತದೆಯೇ ಎಂದು ಒಂದು ಕಿವಿ ನೆಲದ ಕಡೆಗೇ ಇತ್ತು. ಬಡಿಯಲಿಲ್ಲ.

ಅಮರೇಶ ಸ್ಪೀಕರು ನೋಡಿ ಕೈಮುಗಿದು, ಆಮೇಲೆ ಯಾಕೆ ಮುಗಿದೆ ಎಂದು ಯೋಚಿಸಿದ.

"ಇದೇನತ್ತಿಗೆ, ಇದಕ್ಕೆ ಜ್ವರ ಬಂದದಾ? ಉಸುರೇ ಇಲ್ವಲ್ಲ."

"ಇಷ್ಟೇ ಸಾಕು ಅಮರೇಶ."

"ಸಾಕು ಅಂದ್ರೆ? ಅಣ್ಣನ ಗಿಟಾರಿಗೆ ಮರ್ಯಾದೆ ಬ್ಯಾಡ್ವಾ?" ಅಂದವನೇ ಗುಂಡಿಯನ್ನು ಹತ್ತಕ್ಕೆ ತಿರುವಿ, ನನ್ನ ಮಡಿಲಲ್ಲಿದ್ದ ಗಿಟಾರಿನ ಆರೂ ತಂತಿಗಳನ್ನು ಒಟ್ಟಿಗೆ ಎಳೆದ.

ವಿಭೂತಿಯ ಪುಡಿ ಎದ್ದು ಅವನ ಪ್ಯಾಂಟಿಗೆ ಬಿತ್ತು. ಅಡುಗೆಮನೆಯಲ್ಲಿ ಏನೋ ಉರುಳಿತು. ನಾನು ಗುಂಡಿ ತಿರುವುವುದರೊಳಗೆ ಕೆಳಗಿನಿಂದ ಕೋಲು ಬಡಿಯಿತು. ಆಮೇಲೆ ಕೋಲು ನಿಂತು, ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ಹೆಜ್ಜೆ.

ಅಮರೇಶ ಚೀಲದ ಜಿಪ್ಪು ಎಳೆದ. ಬೇಕೆಂದು ಮಾಡಿದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಗಿಟಾರಿನ ಕುತ್ತಿಗೆ ಬಿಡಲಿಲ್ಲ.

ವೃಷಭೇಂದ್ರಪ್ಪನವರು ಬಾಗಿಲಲ್ಲಿ ನಿಂತರು. ಬರಿಮೈ, ಹೆಗಲ ಮೇಲೆ ಟವೆಲು, ಹಣೆಗೆ, ತೋಳಿಗೆ, ಎದೆಗೆ ಮೂರು ಮೂರು ಪಟ್ಟೆ ವಿಭೂತಿ. ಏನೋ ಹೇಳಲು ಬಾಯಿ ತೆರೆದವರು ಸ್ಪೀಕರನ್ನು ನೋಡಿದರು. ಮೂರು ಪಟ್ಟೆಯ ಅವರೂ ಮೂರು ಪಟ್ಟೆಯ ಅದೂ ಎದುರುಬದುರು ಸ್ವಲ್ಪ ಹೊತ್ತು ನಿಂತರು. ಅವರು ಮೆಲ್ಲಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

"ಯಾರು ವಿಭೂತಿ ಹಚ್ಚಿದ್ದು ಇದಕ್ಕೆ?"

"ನಾನೇ ಸ್ವಾಮಿ," ಅಂದರು ಅತ್ತೆ.

"ಗೆರೆ ನೆಟ್ಟಗಿವೆ." ಆಮೇಲೆ ಬಂದ ಕೆಲಸ ನೆನಪಾಗಿ, "ಅಲ್ಲಮ್ಮ, ಪೂಜೆ ಹೊತ್ತಲ್ಲಿ ಯಾರದು ಆ ಸದ್ದು? ಕೈಯಲ್ಲಿದ್ದ ಲಿಂಗ ಜಾರಿಹೋಗ್ತಿತ್ತು ನಂದು!"

"ಇವನು," ಅಂದರು ಅತ್ತೆ, ಬೆರಳು ತೋರಿಸಿ.

"ದೊಡ್ಡವ್ವಾ!"

"ಇನ್ಯಾರು? ನಾನಾ?"

"ಏನಪ್ಪಾ, ಮನುಷ್ಯನೇ ಏನಪ್ಪಾ ನೀನು? ಅಲ್ಲೀ ತನಕ ಎಷ್ಟು ನಿಶ್ಶಬ್ದವಾಗಿತ್ತು ಗೊತ್ತಾ? ಇವತ್ತು ಕೂತಂಗೆ ಎಷ್ಟು ದಿನ ಆಗಿತ್ತೋ ನಾನು ಕೂತು."

"ನಾನು ನುಡಿಸ್ತಾ ಇದ್ದೆ ಸಾರ್," ಅಂದೆ.

"ಯಾವಾಗ?"

"ನೀವು ಘಂಟೆ ಅಲ್ಲಾಡಿಸಿದಾಗಿನಿಂದ."

ಅವರು ನನ್ನನ್ನು, ಗಿಟಾರನ್ನು, ಮತ್ತೆ ಸ್ಪೀಕರನ್ನು ನೋಡಿದರು. "ನುಡ್ಸು," ಅಂದರು. ಗುಂಡಿಯನ್ನು ಎರಡಕ್ಕೆ ತಂದು ಬಿಟ್ ನುಡಿಸಿದೆ. ಕೊನೆಯ ಸ್ವರ ಆರುವ ತನಕ ಅವರು ಕಾದರು.

"ಇದು ಕೇಳಿಸ್ಲಿಲ್ಲ," ಅಂದು, ಕೆಳಗೆ ಅರ್ಧಕ್ಕೆ ನಿಂತಿದ್ದ ಪೂಜೆಗೆ ಇಳಿದು ಹೋದರು.

ಅಮರೇಶ ಚೀಲ ಹಿಡಿದುಕೊಂಡೇ ನಿಂತಿದ್ದ. "ಮೆಟ್ಲು ಹತ್ತಿ ಬಂದು ದೂರು ಹೇಳುದ್ರಲ್ಲ ದೊಡ್ಡವ್ವ. ಮಾತು ಅಂದ್ರೆ ಮಾತು."

"ಹೇಳುದ್ರು. ಯಾರ ಮೇಲೆ ಹೇಳುದ್ರು?"

"ಅದು... ಸದ್ದಿನ ಮೇಲೆ."

"ನಿನ್ನ ಮೇಲೆ ಕಣಪ್ಪ. ಅವಳ ಮೇಲೆ ದೂರು ಬಂದಿದ್ರೆ ಇದನ್ನ ನಿನ್ನ ಮನೆಗೆ ಕಳಿಸ್ತಿದ್ದೆ. ಇಂಥಾ ಕೈಗೆ ಕೊಟ್ರೆ ನನ್ನ ಮಗನ ಗಿಟಾರು ವರ್ಷ ಬಾಳ್ತದಾ? ಆ ಹೊಸ ಹುಡುಗನಿಗೆ ಅವನ ಗಿಟಾರಿನ ಕುತ್ತಿಗೆ ನೆಟ್ಟಗೆ ಮಾಡುಸ್ಕೊಳ್ಳೋಕೆ ಹೇಳು." ಒಳಗೆ ಹೋಗಿ ಒಂದು ಡಬ್ಬಿ ತಂದು ಅವನ ಹೊಸ ಚೀಲದೊಳಗೆ ಇಟ್ಟರು. "ಉಪ್ಪಿಟ್ಟು. ದಾರೀಲಿ ತಿನ್ನು. ಬಸ್ಸಿಗೆ ರಶ್ಶಿರ್ತದೆ."

ಅವನು ಗಿಟಾರಿನ ಚೀಲದಲ್ಲಿ ಉಪ್ಪಿಟ್ಟು ಹೊತ್ತುಕೊಂಡು ಮೆಟ್ಟಿಲಿಳಿದ. ನಾನು ಮತ್ತೆ ಬಿಟ್ ನುಡಿಸಿದೆ. ಮುಗಿದ ಮೇಲೆ ಇನ್ನೊಮ್ಮೆ. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತು ಕೇಳುತ್ತಿದ್ದರು.

"ಪ್ರೇಮ, ನೆನ್ನೆಯಿಂದ ಇದೇ ಆಯ್ತಲ್ಲ. ಮುಂದಕ್ಕೆ ಬರಲ್ವಾ?"

"ಬರಲ್ಲ ಅತ್ತೆ. ಅವರು ಹೇಳಿಕೊಟ್ಟಿದ್ದು ಇಷ್ಟೇ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಗಾದ್ರೆ ಅವನ್ನ ಕರಿ. ಇನ್ನೂ ಬೀದಿ ದಾಟಿರಲ್ಲ. ಮುಂದಿಂದು ಹೇಳ್ಕೊಟ್ಟು ಹೋಗ್ಲಿ."

ಬಾಲ್ಕನಿಗೆ ಹೋದೆ. ಅಮರೇಶ ತಿರುವಿನ ಹತ್ತಿರ ಹೋಗಿದ್ದ. ಕರೆದೆ. ಕೇಳಿಸಲಿಲ್ಲ. ಕಂಬಿ ಹಿಡಿದುಕೊಂಡು ಗಟ್ಟಿಯಾಗಿ ಕೂಗಿದೆ. ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅಮರೇಶನೂ ನೋಡಿದ.